ಹನ್ನೆರಡನೆಯ ಸಾಲಿನ ನಂತರ

ನನ್ನ ದೊಡ್ಡಮ್ಮ ಇಪ್ಪತ್ತೊಂಬತ್ತು ವರ್ಷ ಮಾಡಿದ ಕೆಲಸ ಒಂದೇ. ಎದುರಿಗೆ ನಿಂತವರ ಬಾಯಿಂದ ರಾಷ್ಟ್ರಗೀತೆ ಕೇಳುವುದು. ಪೌರತ್ವ ಕಚೇರಿಯ ಎರಡನೆಯ ಮಹಡಿಯಲ್ಲಿ, ಮೆಟ್ಟಿಲು ಹತ್ತಿದ ಕೂಡಲೇ ಎಡಕ್ಕಿದ್ದ ನಾಲ್ಕನೆಯ ನಂಬರಿನ ಕೋಣೆ ಅವಳದು. ಅಲ್ಲಿ ಒಂದು ಮೇಜು, ಒಂದೇ ಒಂದು ಕುರ್ಚಿ. ರಾಷ್ಟ್ರಗೀತೆಯನ್ನು ಕೂತು ಹಾಡುವಂತಿಲ್ಲವಾದ್ದರಿಂದ ಬಂದವರಿಗೆ ಕುರ್ಚಿ ಇರಲಿಲ್ಲ. ನಿಲ್ಲಬೇಕಾದ ಜಾಗದಲ್ಲಿ ನೆಲದ ಮೇಲೊಂದು ಬಿಳಿ ಪಟ್ಟಿ ಬಳಿದಿದ್ದರು. ಜನ ನಿಂತು ನಿಂತು ಅದರ ನಡುಭಾಗ ಎರಡು ಪಾದದಗಲ ಅಳಿಸಿಹೋಗಿತ್ತು.

ಹೊರಗಿನಿಂದ ಬಂದು ಈ ದೇಶದವರಾಗಬೇಕು ಎನ್ನುವವರೆಲ್ಲ ಆ ಪಟ್ಟಿಯ ಮೇಲೆ ನಿಂತು ಮೂರು ನುಡಿ, ಹದಿನೆಂಟು ಸಾಲು ಒಪ್ಪಿಸಬೇಕಿತ್ತು. ದೊಡ್ಡಮ್ಮನ ಮುಂದೆ ಹದಿನೆಂಟು ಚೌಕಗಳ ಹಾಳೆ, ಕೈಯಲ್ಲಿ ಪೆನ್ಸಿಲ್, ಪಕ್ಕದಲ್ಲಿ ಸೆಕೆಂಡು ತೋರಿಸುವ ಗಡಿಯಾರ. ಎರಡು ಸಾಲು ತಪ್ಪಿದರೆ ಮಾಫಿ. ಮೂರು ತಪ್ಪಿದರೆ ಆರು ತಿಂಗಳು ಬಿಟ್ಟು ಬರಬೇಕು. ನಡುವೆ ಐದು ಸೆಕೆಂಡು ಸುಮ್ಮನಾದರೆ ಹಾಡು ನಿಂತಿತು ಎಂದೇ ಲೆಕ್ಕ. ನಿಂತ ಹಾಡನ್ನು ಮುಂದುವರಿಸುವಂತಿಲ್ಲ. ಮೂರು ಸಲ ಬಂದೂ ಆಗಲಿಲ್ಲವೆಂದರೆ ಫೈಲು ಮುಚ್ಚಿ, ಮೂವತ್ತು ದಿನದೊಳಗೆ ದೇಶ ಬಿಡಬೇಕೆಂಬ ಪತ್ರ ಹೋಗುತ್ತಿತ್ತು. ಆ ಪತ್ರಗಳನ್ನು ಟೈಪ್ ಮಾಡುತ್ತಿದ್ದವಳು ನಾನು, ಐದನೆಯ ನಂಬರಿನ ಕೋಣೆಯಲ್ಲಿ.

ನಡುವೆ ಇದ್ದದ್ದು ತೆಳು ಹಲಗೆಯ ಗೋಡೆ. ಹದಿನೆಂಟು ಸಾಲೂ ನನಗೆ ಬಾಯಿಪಾಠವಾದದ್ದು ಆ ಹಲಗೆಯಿಂದ, ದೇಶಭಕ್ತಿಯಿಂದಲ್ಲ. ಕಚೇರಿಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ ಎಂಬುದನ್ನು ಈಗ ಹೇಳಿಬಿಟ್ಟರೆ ತಪ್ಪಿಲ್ಲ. ಸಭೆ ಸಮಾರಂಭಗಳಲ್ಲಿ ಹಾಡುತ್ತಿದ್ದದ್ದು ಮೊದಲ ನುಡಿ ಮಾತ್ರ. ಅದರಲ್ಲೂ ನಾಲ್ಕನೆಯ ಸಾಲಿನ ಹೊತ್ತಿಗೆ ನಮ್ಮವರೆಲ್ಲ ಗಂಭೀರವಾಗಿ ತುಟಿ ಅಲ್ಲಾಡಿಸುತ್ತ ಮೇಲೆ ನೋಡುತ್ತಿದ್ದರು. ಹುಟ್ಟಿದವರಿಗೆ ಇಷ್ಟು ಸಾಕು, ಬಂದವರಿಗೆ ಮಾತ್ರ ಪೂರ್ತಿ ಬೇಕು. ಈ ನ್ಯಾಯ ನನಗೆ ಆಗಲೂ ಮೈ ಉರಿಸುತ್ತಿತ್ತು. ಆದರೂ ತಿಂಗಳ ಕೊನೆಗೆ ಸಂಬಳಕ್ಕೆ ಸಹಿ ಹಾಕುವಾಗ ನಾನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಕಚೇರಿಯವರು ದೊಡ್ಡಮ್ಮನನ್ನು ಬೆನ್ನ ಹಿಂದೆ ‘ಹದಿನೆಂಟು’ ಎಂದು ಕರೆಯುತ್ತಿದ್ದರು. ಹಾಡುವವರ ಮುಖವನ್ನು ಅವಳು ನೋಡುತ್ತಲೇ ಇರಲಿಲ್ಲ, ಕಣ್ಣೆಲ್ಲ ಹಾಳೆಯ ಮೇಲೆ. “ಮುಖ ನೋಡಿದ್ರೆ ಅವರಿಗೂ ಮರೆತುಹೋಗುತ್ತೆ, ನನಗೂ ಮನಸ್ಸು ಕರಗುತ್ತೆ” ಎನ್ನುತ್ತಿದ್ದಳು. ಹಾಡಿ ಮುಗಿಸಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು, “ಸರಿಯಿತ್ತಾ ಮೇಡಂ?” ದೊಡ್ಡಮ್ಮನದೂ ಒಂದೇ ಉತ್ತರ, “ಅಂಚೆಯಲ್ಲಿ ಬರುತ್ತೆ.” ಸರಿಯಿದ್ದರೂ ಅದೇ, ತಪ್ಪಿದ್ದರೂ ಅದೇ. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಒಬ್ಬರಿಗೂ ಅವಳು ಬಾಯಿಬಿಟ್ಟು ‘ಸರಿ’ ಎಂದವಳಲ್ಲ.

ಇನ್ನು ಆ ಕ್ಯಾಸೆಟ್ಟಿನ ವಿಷಯ. ದೊಡ್ಡಮ್ಮ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅವಳ ಕಂಠ ಚೆನ್ನಾಗಿದೆ ಎಂದು, ಕಲಿಯುವವರಿಗಾಗಿ ಕಚೇರಿಯೇ ಅವಳಿಂದ ರಾಷ್ಟ್ರಗೀತೆ ಹಾಡಿಸಿ ಕ್ಯಾಸೆಟ್ ಮಾಡಿಸಿತ್ತು. ಪ್ರತಿ ಸಾಲೂ ಮೂರು ಸಲ, ನಿಧಾನವಾಗಿ. ಹಾಗಾಗಿ ಎರಡು ನುಡಿಗೇ ಒಂದು ಬದಿ ತುಂಬಿಹೋಗಿತ್ತು. ಹನ್ನೆರಡನೆಯ ಸಾಲಿಗೆ ಟೇಪು ಟಕ್ಕೆಂದು ನಿಲ್ಲುತ್ತಿತ್ತು. ಕ್ಯಾಸೆಟ್ಟನ್ನು ತಿರುಗಿಸಿ ಹಾಕಿದರೆ ಮೂರನೆಯ ನುಡಿ. ಕಚೇರಿಯ ಕೆಳಗಿನ ಅಂಗಡಿಯಲ್ಲಿ ಅದು ವರ್ಷಗಟ್ಟಲೆ ಮಾರಾಟವಾಯಿತು.

ಕೊಡೆಯವನು ಅದನ್ನು ಕೊಂಡವರಲ್ಲಿ ಒಬ್ಬ. ಕಚೇರಿಯ ಎದುರುಗಡೆ ಕಟ್ಟಡದ ಮೆಟ್ಟಿಲ ಕೆಳಗೆ ಕೂತು ಕೊಡೆ ರಿಪೇರಿ ಮಾಡುತ್ತಿದ್ದ. ಈ ದೇಶಕ್ಕೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು, ಇಲ್ಲಿಯವಳನ್ನೇ ಮದುವೆಯಾಗಿದ್ದ. ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು, ಒಂಬತ್ತು ವರ್ಷದ ಮಗಳಿದ್ದಳು. ಅವಸರವೇ ಗೊತ್ತಿಲ್ಲದ ಮನುಷ್ಯ. ಒಂದು ಕಡ್ಡಿ ಕೂರಿಸಿ, ಕೊಡೆ ಬಿಚ್ಚಿ, ಮುಚ್ಚಿ, ಮತ್ತೆ ಬಿಚ್ಚಿ, ಆಮೇಲೆಯೇ ಕೊಡುತ್ತಿದ್ದ. ನಿಂತು ಕಾದವರಿಗೆ ತಲೆ ಕೆಟ್ಟುಹೋಗುತ್ತಿತ್ತು, ಆದರೆ ಅವನು ಕೂರಿಸಿದ ಕಡ್ಡಿ ಮತ್ತೆ ಕಳಚುತ್ತಿರಲಿಲ್ಲ.

ಮೊದಲ ಸಲ ಗಾಬರಿಗೆ ಮೂರು ಸಾಲು ಹಾರಿಹೋಯಿತು. ಎರಡನೆಯ ಸಲ ಜ್ವರದಲ್ಲಿ ಬಂದು ಗಂಟಲೇ ಏಳಲಿಲ್ಲ. ಮೂರನೆಯ ಸಲ ಬಂದಾಗ ಗೋಡೆಯ ಈಚೆಯಿಂದ ನಾನು ಟೈಪು ನಿಲ್ಲಿಸಿ ಕೇಳುತ್ತಿದ್ದೆ. ಎಷ್ಟು ಸ್ಪಷ್ಟವಾಗಿ ಹಾಡಿದನೆಂದರೆ, ಈ ಸಲ ಗೆದ್ದ ಎಂದು ನಾನು ಒಳಗೊಳಗೇ ಹಿಗ್ಗಿದೆ. ಹನ್ನೆರಡನೆಯ ಸಾಲು ಮುಗಿಯಿತು. ಆಮೇಲೆ ಸದ್ದೇ ಇಲ್ಲ. ಒಂದು, ಎರಡು, ಮೂರು ಎಂದು ನಾನೂ ಎಣಿಸಿದೆ. ಐದಕ್ಕೆ ದೊಡ್ಡಮ್ಮನ ದನಿ ಕೇಳಿಸಿತು.

“ಸಾಕು.”

“ಮೇಡಂ, ಇದೆ. ಮುಂದಿಂದು ಇದೆ.”

“ಎಲ್ಲರೂ ಹಾಗೇ ಅಂತಾರೆ. ಹೋಗಿ ಬನ್ನಿ. ಅಂಚೆಯಲ್ಲಿ ಬರುತ್ತೆ.”

ಆ ದಿನ ಮನೆಗೆ ನಡೆಯುವಾಗ ದೊಡ್ಡಮ್ಮ ಒಂದು ಮಾತು ಹೇಳಿದಳು. ಹಾಡು ನಿಂತಾಗ, ಎಂದೂ ಇಲ್ಲದೆ, ಅವಳು ತಲೆ ಎತ್ತಿ ನೋಡಿದ್ದಳಂತೆ. ಕೊಡೆಯವನ ಬಲಗೈ ಗಾಳಿಯಲ್ಲಿ ಏನನ್ನೋ ಬಿಚ್ಚಿದ ಹಾಗೆ ಆಡಿ, ನಿಧಾನವಾಗಿ ಮಗುಚಿಕೊಳ್ಳುತ್ತಿತ್ತಂತೆ. “ಗಾಬರಿಗೆ ಕೈ ಆಡಿಸ್ತಿದ್ದ, ಪಾಪ” ಎಂದಳು. ಮರುದಿನ ನಾನು ಪತ್ರ ಟೈಪ್ ಮಾಡಿದೆ. ಅದರಲ್ಲಿ ಒಂದು ಅಕ್ಷರವೂ ತಪ್ಪಾಗಿರಲಿಲ್ಲ.

ಮೂವತ್ತನೆಯ ದಿನ ಬೆಳಿಗ್ಗೆ ದೊಡ್ಡಮ್ಮನ ಕೋಣೆಯ ಬಾಗಿಲ ಹಿಡಿಗೆ ಒಂದು ಕೊಡೆ ನೇತುಹಾಕಿತ್ತು. ಅದು ಅವಳದೇ ಕೊಡೆ. ಎರಡು ತಿಂಗಳ ಹಿಂದೆ ರಿಪೇರಿಗೆ ಕೊಟ್ಟು, ಆಮೇಲೆ ಕೇಳಲು ಮುಖವಿಲ್ಲದೆ ಬಿಟ್ಟಿದ್ದು. ಹಿಡಿಕೆ ಹೊಸದು, ಕಡ್ಡಿಗಳೆಲ್ಲ ನೆಟ್ಟಗಾಗಿದ್ದವು. ಕಿಟಕಿಯಿಂದ ನೋಡಿದರೆ ಎದುರಿನ ಮೆಟ್ಟಿಲ ಕೆಳಗಿನ ಜಾಗ ಖಾಲಿ. ಗಡಿಗೆ ಹೋಗುವ ಬಸ್ಸಿಗೆ ಅವನನ್ನು ಹತ್ತಿಸಿ ಆಗಿತ್ತು.

ಆ ಕೊಡೆಯನ್ನು ದೊಡ್ಡಮ್ಮ ಬಿಚ್ಚಲೂ ಇಲ್ಲ, ಮನೆಗೆ ಒಯ್ಯಲೂ ಇಲ್ಲ. ನಾಲ್ಕು ದಿನ ತಡೆದು ಐದನೆಯ ದಿನ, “ಅವರ ಮನೆಗೆ ಹೋಗಿ ಒಂದು ಮಾತಾಡಿ ಬರೋಣ, ನೀನೂ ಬಾ” ಎಂದಳು. ಕಚೇರಿಯಿಂದ ನಡೆದರೆ ಹತ್ತು ನಿಮಿಷದ ದಾರಿ. ಒಂದೇ ಕೋಣೆಯ ಮನೆ, ಒಣಗಿಸಿದ ಬಟ್ಟೆಯ ವಾಸನೆ. ಹೆಂಡತಿ ನಮ್ಮನ್ನು ಮಂಚದ ಮೇಲೆ ಕೂರಿಸಿದಳು. ಬೈಯಲಿಲ್ಲ, ಅಳಲಿಲ್ಲ. ಮಗಳು ಕಪಾಟಿನ ಮೇಲಿದ್ದ ಹಳೆಯ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದಳು. ಒಳಗಿದ್ದ ಕ್ಯಾಸೆಟ್ಟಿನಿಂದ ದೊಡ್ಡಮ್ಮನ ಎಳೆಯ ದನಿ ಹೊರಟಿತು. ಹನ್ನೊಂದನೆಯ ಸಾಲು ಮೂರು ಸಲ, ಹನ್ನೆರಡನೆಯದು ಮೂರು ಸಲ, ಆಮೇಲೆ ಟಕ್.

ಮಗು ಎದ್ದಿತು. ಆ ಟೇಪ್ ರೆಕಾರ್ಡರಿನ ಮುಚ್ಚಳ ಸಡಿಲವಾಗಿ, ಕೊಡೆಯ ತಂತಿಯಿಂದ ಕಟ್ಟಿದ್ದರು. ಮಗು ತಂತಿಯ ಸುತ್ತು ಬಿಚ್ಚಿ, ಮುಚ್ಚಳ ಎತ್ತಿ, ಕ್ಯಾಸೆಟ್ಟನ್ನು ಮಗುಚಿ ಹಾಕಿ, ಮುಚ್ಚಳ ಒತ್ತಿ, ಮತ್ತೆ ತಂತಿ ಸುತ್ತಿತು. ನನ್ನ ಪಕ್ಕದಲ್ಲಿ ದೊಡ್ಡಮ್ಮನ ತುಟಿಗಳು ಅಲ್ಲಾಡುತ್ತಿದ್ದವು. ಎಣಿಸುವುದು ಅವಳಿಗೆ ರಕ್ತಕ್ಕೆ ಹತ್ತಿದ ಅಭ್ಯಾಸ. ಒಂಬತ್ತಾಯಿತು. ಮಗು ಗುಂಡಿ ಒತ್ತಿತು, ಟೇಪು ಕರಕರ ಎನ್ನತೊಡಗಿತು.

ದೊಡ್ಡಮ್ಮ ದಡಕ್ಕನೆ ಎದ್ದಳು. “ಬರ್ತೀವಿ” ಎಂದವಳೇ ಚಪ್ಪಲಿ ಸರಿಯಾಗಿ ಮೆಟ್ಟದೆ ಬೀದಿಗೆ ಇಳಿದಳು. ನಾನು ಹಿಂದೆ ಓಡಿದೆ. ಮೂಲೆ ತಿರುಗಿದ ಮೇಲೆ ಗೋಡೆಗೆ ಒರಗಿ ನಿಂತು, “ಅವನು ಮರೆತಿರಲಿಲ್ಲ ಕಣೇ. ಕ್ಯಾಸೆಟ್ ತಿರುಗಿಸ್ತಿದ್ದ” ಎಂದಳು. “ಸುಮ್ನಿರೋದನ್ನ ಕಲಿಸಿದವಳು ನಾನೇ, ಸುಮ್ನಾದ ಅಂತ ಓಡಿಸಿದವಳೂ ನಾನೇ.”

ಬೇರೆಯವರೂ ಅದೇ ಕ್ಯಾಸೆಟ್ಟಿನಿಂದ ಕಲಿತಿದ್ದರು. ಅವರೂ ಅಲ್ಲಿ ಒಂದು ಕ್ಷಣ ತಡೆಯುತ್ತಿದ್ದರು. ಆದರೆ ಒಳ್ಳೆಯ ಟೇಪ್ ರೆಕಾರ್ಡರಿಗೆ ಮೂರು ಸೆಕೆಂಡು ಸಾಕು. ತಂತಿ ಬಿಚ್ಚಿ ಕಟ್ಟಬೇಕಾದವನಿಗೆ ಒಂಬತ್ತು ಬೇಕಿತ್ತು. ಬಾಯಿ ಸುಮ್ಮನಾದಾಗಲೂ ಕೈ ತನ್ನ ಪಾಠ ಬಿಟ್ಟಿರಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಆ ಒಂಬತ್ತು ಸೆಕೆಂಡು ಬಾಡಿಗೆದಾರನಂತೆ ಬಂದು ಸೇರಿಕೊಂಡಿತು. ದೊಡ್ಡಮ್ಮ ಪಾತ್ರೆ ತೊಳೆಯುತ್ತಿರುವಾಗ ಕೈ ನಿಲ್ಲುತ್ತಿತ್ತು, ನಲ್ಲಿ ಸುರಿಯುತ್ತಲೇ ಇರುತ್ತಿತ್ತು. ಬೀಗ ಹಾಕುವಾಗ, ಬಸ್ಸಿಗೆ ಕಾಯುವಾಗ, ನನ್ನ ಪ್ರಶ್ನೆಗೆ ಉತ್ತರ ಕೊಡುವ ಮುನ್ನ, ಅವಳು ಒಳಗೇ ಎಣಿಸುವುದು ನನಗೆ ಕಾಣುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು. “ಸಾಕು ಮಾಡು ದೊಡ್ಡಮ್ಮ, ನಿಯಮ ಮಾಡಿದವಳು ನೀನಲ್ಲ” ಎಂದು ಗದರಿದೆ. “ಸಾಕು ಅನ್ನೋದನ್ನ ನಾನು ಒಬ್ಬನಿಗೆ ಹೇಳಿ ಆಗಿದೆ” ಎಂದಳು. ಆಮೇಲೆ ನಾನು ಗದರಲಿಲ್ಲ. ಕೇಳಿದ ಹಾಡು ಕಿವಿಯಲ್ಲಿ ಗುಂಯ್‌ಗುಟ್ಟುತ್ತದೆ ಎನ್ನುವವರನ್ನು ಕಂಡಿದ್ದೇನೆ. ಅವಳಿಗೆ ಮಾತ್ರ ಹಾಡದೇ ಉಳಿದದ್ದು ಕೇಳಿಸುತ್ತಿತ್ತು. ಹನ್ನೆರಡರ ನಂತರ ಆ ಮನುಷ್ಯ ಉಸಿರು ಎಳೆದುಕೊಳ್ಳುವ ಸದ್ದು ಅಡುಗೆಮನೆಯಲ್ಲಿ ಬರುತ್ತದೆ ಎನ್ನುತ್ತಿದ್ದಳು. ಕೆಲವು ಸಲ ನನಗೂ ಹಾಗನ್ನಿಸಿ, ರೇಡಿಯೋ ಜೋರು ಮಾಡಿದ್ದುಂಟು.

ಗಡಿಯಾರವನ್ನು ಅವಳು ಡ್ರಾಯರಿನೊಳಗೆ ಹಾಕಿಬಿಟ್ಟಳು. ಆಮೇಲೆ ಸುಮ್ಮನಾದದ್ದಕ್ಕಾಗಿ ಆ ಕೋಣೆಯಲ್ಲಿ ಒಬ್ಬರೂ ಸೋಲಲಿಲ್ಲ. ಕೊಡೆಯವನ ಫೈಲು ತೆರೆಯಬೇಕೆಂದು ಮೇಲಿನವರಿಗೆ ಅರ್ಜಿ ಬರೆದಳು. ಒಂದಕ್ಕೆ ಉತ್ತರ ಬಂದ ಮೇಲೆ ಇನ್ನೊಂದು, ಹೀಗೆ ಐದು ಅರ್ಜಿ. ಟೈಪ್ ಮಾಡಿದವಳು ನಾನೇ. ಐದಕ್ಕೂ ಒಂದೇ ಉತ್ತರ. ಪರೀಕ್ಷೆಯ ಹಾಳೆಯಲ್ಲಿ ಬರೆದದ್ದೇ ಅಂತಿಮ, ಟೇಪು ತಿರುಗಿಸುವ ಮೌನಕ್ಕೆ ನಿಯಮದಲ್ಲಿ ಜಾಗವಿಲ್ಲ. ಅವರ ಮನೆಗೆ ಮಾತ್ರ ಅವಳು ಮತ್ತೆ ಹೋಗಲಿಲ್ಲ. ಆ ಬೀದಿಯನ್ನೇ ತಪ್ಪಿಸಿ, ಸುತ್ತು ಬಳಸಿ ನಡೆಯುತ್ತಿದ್ದಳು. “ಬರಿಗೈಯಲ್ಲಿ ಯಾವ ಮುಖ ಹೊತ್ಕೊಂಡು ಹೋಗ್ಲಿ? ಫೈಲು ತೆರೆಸಿ, ಪತ್ರ ಹಿಡ್ಕೊಂಡು ಹೋಗ್ತೀನಿ.”

ಏಳನೆಯ ವರ್ಷ, ದೊಡ್ಡಮ್ಮನ ನಿವೃತ್ತಿಗೆ ನಾಲ್ಕು ತಿಂಗಳಿರುವಾಗ, ಒಂದು ಪತ್ರಿಕೆಯವರು ಬೀದಿಯಲ್ಲಿ ನೂರು ಜನ ನಾಗರಿಕರನ್ನು ನಿಲ್ಲಿಸಿ ರಾಷ್ಟ್ರಗೀತೆ ಹೇಳಿಸಿದರು. ಪೂರ್ತಿ ಬಂದದ್ದು ಎಂಟು ಜನಕ್ಕೆ. ಆ ಎಂಟರಲ್ಲಿ ಆರು ಜನ ಹೊರಗಿನಿಂದ ಬಂದು, ನಮ್ಮ ನಾಲ್ಕನೆಯ ಕೋಣೆ ದಾಟಿ ಹೋದವರು. ಮೇಲಿನವರ ಮಾನ ಹೋಯಿತು. ಪೌರತ್ವ ಕಚೇರಿಯ ನೌಕರರೆಲ್ಲ ಅದೇ ಪರೀಕ್ಷೆಗೆ ನಿಲ್ಲಬೇಕು, ಅದೇ ನಿಯಮ, ಅದೇ ಹಾಳೆ ಎಂದು ಆದೇಶ ಬಂತು.

ಆ ಹದಿನೈದು ದಿನ ನಮ್ಮ ಕಚೇರಿಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಮೆಟ್ಟಿಲ ಮೇಲೆ, ಕಾರಿಡಾರಿನಲ್ಲಿ, ಫೈಲುಗಳ ಸಂದಿಯಲ್ಲಿ ದೊಡ್ಡ ದೊಡ್ಡ ಗಂಡಸರು ಗೊಣಗುಟ್ಟುತ್ತ ಗಿಳಿಪಾಠ ಒಪ್ಪಿಸುತ್ತಿದ್ದರು. ನಮ್ಮ ಸಾಹೇಬರು ಬಚ್ಚಲುಮನೆಗೆ ಹೋದರೆ ಅರ್ಧ ಗಂಟೆ ಬರುತ್ತಿರಲಿಲ್ಲ. ಬಾಗಿಲಾಚೆಯಿಂದ ಎರಡನೆಯ ನುಡಿ ಕೇಳಿಸುತ್ತಿತ್ತು, ಅದೂ ಕುಂಟುತ್ತ. ದೊಡ್ಡಮ್ಮನೂ ಪರೀಕ್ಷೆಗೆ ನಿಲ್ಲಬೇಕಾದ್ದರಿಂದ ಪೆನ್ಸಿಲ್ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಸರಿ ತಪ್ಪು ಗೊತ್ತಾಗುವ ಕಿವಿ ಬೇರೆ ಯಾರಿಗಿತ್ತು? ಸಾಹೇಬರು ಮೂರನೆಯ ನುಡಿಯನ್ನು ಕೆಮ್ಮಿನಲ್ಲಿ ಮುಗಿಸಿ, ಉಗುಳು ನುಂಗಿ, ನನ್ನತ್ತ ನೋಡಿ ಹಲ್ಲು ಗಿಂಜಿದರು. “ಅಂಚೆಯಲ್ಲಿ ಬರುತ್ತೆ” ಎಂದೆ. ಆ ಸುಖ ನನಗೆ ಜನ್ಮಕ್ಕೂ ಸಾಕು.

ಕೊನೆಯಲ್ಲಿ ದೊಡ್ಡಮ್ಮ. ಸಾಹೇಬರು ಮೇಲುಸಹಿ ಹಾಕಲು ಬಾಗಿಲಲ್ಲೇ ನಿಂತಿದ್ದರು. ಅವಳು ಬಿಳಿ ಪಟ್ಟಿಯ ಸವೆದ ಜಾಗದಲ್ಲಿ ಪಾದ ಜೋಡಿಸಿ, “ಗಡಿಯಾರ ಹೊರಗಿಡು” ಎಂದಳು. ಡ್ರಾಯರಿನಿಂದ ತೆಗೆದಿಟ್ಟೆ. ಹಾಡಿದಳು. ವಯಸ್ಸಾದ ದನಿ, ಆದರೂ ಸಾಲಿಗೆ ಸಾಲು ಅದೇ ಕ್ಯಾಸೆಟ್ಟು. ಹನ್ನೆರಡನೆಯ ಚೌಕಕ್ಕೆ ಗುರುತು ಹಾಕಿದೆ. ಅವಳು ನಿಲ್ಲಿಸಿದಳು.

ಅವಳ ಬಲಗೈ ಮುಂದೆ ಬಂದು ಗಾಳಿಯಲ್ಲಿ ತಂತಿ ಬಿಚ್ಚಿತು, ಮುಚ್ಚಳ ಎತ್ತಿತು, ಮಗುಚಿತು, ಮತ್ತೆ ತಂತಿ ಸುತ್ತಿತು. ಸರಿಯಾಗಿ ಒಂಬತ್ತು ಸೆಕೆಂಡು. ಆಮೇಲೆ ಮೂರನೆಯ ನುಡಿಯನ್ನು ಒಂದು ಅಕ್ಷರ ಬಿಡದೆ ಹಾಡಿ ಮುಗಿಸಿದಳು.

“ಕಂಡದ್ದನ್ನ ಬರಿ” ಎಂದಳು ನನಗೆ. “ಹನ್ನೆರಡರ ನಂತರ ಒಂಬತ್ತು ಸೆಕೆಂಡು ಮೌನ ಅಂತ ಬರಿ. ಹದಿನೆಂಟೂ ಸರಿ ಅಂತಾನೂ ಬರಿ.” ಆಮೇಲೆ ಸಾಹೇಬರ ಕಡೆ ತಿರುಗಿದಳು. “ಈಗ ನೀವು ಹೇಳಿ ಸಾರ್. ನನಗೆ ರಾಷ್ಟ್ರಗೀತೆ ಬರುತ್ತೋ, ಬರಲ್ವೋ?”

ಸಾಹೇಬರು ಅಡಕತ್ತರಿಯಲ್ಲಿ ಸಿಕ್ಕಿದರು. ಬರುವುದಿಲ್ಲ ಎಂದು ಬರೆದರೆ, ದೇಶಕ್ಕೆಲ್ಲ ಅದನ್ನು ಕಲಿಸಿದ ದನಿಗೇ ಅದು ಬರುವುದಿಲ್ಲ ಎಂದಾಗುತ್ತದೆ, ಪತ್ರಿಕೆಯವರು ಬಿಡುತ್ತಾರೆಯೇ? ಬರುತ್ತದೆ ಎಂದು ಬರೆದರೆ, ಅದೇ ಮೌನಕ್ಕೆ ಹೊರಗೆ ಹಾಕಿದವನ ಫೈಲು ಮುಚ್ಚಿಡಲು ಕಾರಣ ಉಳಿಯುವುದಿಲ್ಲ. ಹಾಳೆಯನ್ನು ತುಂಬ ಹೊತ್ತು ನೋಡಿ, ಬೆವರು ಒರೆಸಿಕೊಂಡು, ‘ಉತ್ತೀರ್ಣ’ ಎಂದು ಸಹಿ ಹಾಕಿದರು. ಆ ಹಾಳೆ ಜೋಡಿಸಿ ಆರನೆಯ ಅರ್ಜಿ ಹೋಯಿತು. ದೊಡ್ಡಮ್ಮ ನಿವೃತ್ತಳಾಗುವ ವಾರ ಫೈಲು ತೆರೆಯಿತು. ಕೊಡೆಯವನು ವಾಪಸು ಬರಬಹುದು, ಮತ್ತೆ ಪರೀಕ್ಷೆ ಬೇಕಿಲ್ಲ ಎಂಬ ಪತ್ರವನ್ನು ನಾನು ಟೈಪ್ ಮಾಡಿದೆ. ಅಕ್ಷರ ತಪ್ಪಿ ಮೂರು ಹಾಳೆ ಹಾಳು ಮಾಡಿದೆ.

ಅಂಚೆಗೆ ಹಾಕಲು ದೊಡ್ಡಮ್ಮ ಬಿಡಲಿಲ್ಲ. ಮಧ್ಯಾಹ್ನ ಇಬ್ಬರೂ ಪತ್ರ ಹಿಡಿದು ನಡೆದೆವು. ಅವಳ ಕೈಯಲ್ಲಿ ಆ ಕೊಡೆಯೂ ಇತ್ತು, ಮೋಡವೇ ಇಲ್ಲದಿದ್ದರೂ.

ಅದೇ ಕೋಣೆ, ಅದೇ ಮಂಚ. ಹೆಂಡತಿಯ ಕೂದಲು ಬೆಳ್ಳಗಾಗಿತ್ತು. ಮಗಳು ಎತ್ತರದ ಹುಡುಗಿಯಾಗಿದ್ದಳು. ಹೆಂಡತಿ ಪತ್ರವನ್ನು ಎರಡು ಸಲ ಓದಿ, ಮಡಿಚಿ, ತೊಡೆಯ ಮೇಲಿಟ್ಟುಕೊಂಡಳು.

“ಇದನ್ನ ಯಾರಿಗೆ ಕೊಡ್ಲಿ ಮೇಡಂ?” ಎಂದಳು. “ಅವರು ತೀರ್ಕೊಂಡು ಐದು ವರ್ಷ ಆಯ್ತು. ಅಲ್ಲಿ ಅವರಿಗೆ ಯಾರೂ ಇರ್ಲಿಲ್ಲ. ಜ್ವರ ಅಂತ ಒಂದು ಕಾಗದ ಬಂತು. ಆಮೇಲಿನ ಕಾಗದ ಬೇರೆಯವರ ಕೈಬರಹದಲ್ಲಿತ್ತು.”

ದೊಡ್ಡಮ್ಮ ತಡವರಿಸುತ್ತ, “ನಾನು ಅರ್ಜಿ ಬರೀತಾನೇ ಇದ್ದೆ. ಆರು ಅರ್ಜಿ” ಎಂದಳು.

“ಯಾರಿಗೆ?”

“ಮೇಲಿನವರಿಗೆ.”

“ನಿಮ್ಮ ಆಫೀಸಿಂದ ನಮ್ಮನೆ ಎಷ್ಟು ದೂರ ಮೇಡಂ?”

ಹತ್ತು ನಿಮಿಷ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

“ಆವತ್ತು ನೀವು ಬಂದಾಗ ನಾನೇ ಮಗುಗೆ ಸನ್ನೆ ಮಾಡಿ ಟೇಪ್ ಹಾಕಿಸಿದ್ದು” ಎಂದಳು ಹೆಂಡತಿ. “ಸೋತ ಮೇಲೆ ಅವರು ಕ್ಯಾಸೆಟ್ಟಿನ ಇನ್ನೊಂದು ಬದೀಲಿ ನಿಮ್ಮ ದನಿ ಅಳಿಸಿ ತಮ್ಮ ದನಿ ಹಾಕಿದ್ರು. ಮುಂದಿಂದು ನನಗೆ ಬರುತ್ತೆ, ಮೇಡಂ ಒಂದು ಸಲ ಕೇಳಿದ್ರೆ ಸಾಕು ಅಂತ. ಟೇಪ್ ರೆಕಾರ್ಡರ್ ಚೀಲದಲ್ಲಿ ಹಾಕ್ಕೊಂಡು ಮೂರು ಸಲ ಆಫೀಸಿಗೆ ಬಂದ್ರು. ಫೈಲು ಮುಚ್ಚಿಹೋದವರನ್ನ ಒಳಗೆ ಬಿಡಲ್ಲ ಅಂದ್ರಂತೆ. ಹೋಗೋ ದಿನ ಬೆಳಿಗ್ಗೆ ಕೊಡೆ ಕೊಡೋದಿದೆ ಅಂತ ಬೇಡ್ಕೊಂಡ್ರು, ಆಗ ಬಿಟ್ರಂತೆ. ನೀವಿನ್ನೂ ಬಂದಿರ್ಲಿಲ್ಲ. ಆಮೇಲೆ ನೀವಾಗೇ ಮನೆಗೆ ಬಂದ್ರಿ. ದೇವರೇ ಕಳಿಸಿದ ಅಂದ್ಕೊಂಡೆ. ಅವರ ದನಿ ಶುರುವಾಗೋ ಹೊತ್ತಿಗೆ ಎದ್ದು ಹೋದ್ರಿ.”

ಆ ಟೇಪಿನ ಕರಕರ ಸದ್ದು ನನಗೆ ನೆನಪಾಯಿತು. ಇನ್ನೊಂದು ಸೆಕೆಂಡು ಕೂತಿದ್ದರೆ! ಆಗ ಅವನು ಇನ್ನೂ ಬದುಕಿದ್ದ. ದೇಶ ಬಿಟ್ಟು ಐದು ದಿನವೂ ಆಗಿರಲಿಲ್ಲ.

ದೊಡ್ಡಮ್ಮ ಕೊಡೆಯನ್ನು ಮಂಚದ ಮೇಲಿಟ್ಟು, “ಈಗ ಕೇಳಬಹುದಾ?” ಎಂದಳು.

ಹುಡುಗಿ ಅಮ್ಮನ ಮುಖ ನೋಡಿದಳು. ಅಮ್ಮ ತಲೆಯಾಡಿಸಿದಳು. ಹುಡುಗಿ ಟೇಪ್ ರೆಕಾರ್ಡರ್ ತಂದು, ತಂತಿ ಬಿಚ್ಚಿ, ಕ್ಯಾಸೆಟ್ಟು ಮಗುಚಿ ಹಾಕಿ, ತಂತಿ ಸುತ್ತಿದಳು. ಈ ಸಲ ದೊಡ್ಡಮ್ಮನ ತುಟಿ ಅಲ್ಲಾಡಲಿಲ್ಲ. ಟೇಪು ತಿರುಗಲು ಶುರುವಾದ ಕೂಡಲೇ ಅವಳು ಎದ್ದು ನಿಂತಳು. ಏಳು ವರ್ಷದ ಹಿಂದೆ ಓಡಿಹೋದ ಹಾಗೇ ಎದ್ದಳೆಂದು ನನಗೆ ಗಾಬರಿಯಾಯಿತು. ಆದರೆ ಅವಳು ಪಾದ ಜೋಡಿಸಿ, ಕೈ ಇಳಿಬಿಟ್ಟು ನಿಂತಳು, ರಾಷ್ಟ್ರಗೀತೆಗೆ ನಿಲ್ಲುವ ಹಾಗೆ. ನಾನೂ ನಿಂತೆ.

ಕೊಡೆಯವನು ಅವಸರವಿಲ್ಲದೆ ಹಾಡಿದ. ಹದಿಮೂರು, ಹದಿನಾಲ್ಕು, ಹದಿನೈದು. ನಡುವೆ ಹೊರಗಿನ ಬೀದಿಯಲ್ಲಿ ಯಾವುದೋ ಸೈಕಲ್ಲಿನ ಗಂಟೆ, ಏಳು ವರ್ಷದ ಹಿಂದಿನದು. ಹದಿನಾರು, ಹದಿನೇಳು. ಹದಿನೆಂಟನೆಯ ಸಾಲಿನ ಕೊನೆಯ ಸ್ವರವನ್ನು ಅವನು ಪೂರ್ತಿ ಎಳೆದು ನಿಲ್ಲಿಸಿದ. ಒಂದು ಉಸಿರು ಕೇಳಿಸಿತು. ಆಮೇಲೆ ಟೇಪಿನೊಳಗಿಂದ ಆ ದನಿ ಮೆಲ್ಲಗೆ ಕೇಳಿತು, “ಸರಿಯಿತ್ತಾ ಮೇಡಂ?”

“ಸರಿಯಿತ್ತು” ಎಂದಳು ದೊಡ್ಡಮ್ಮ.

ಅಷ್ಟರಲ್ಲಿ ಹುಡುಗಿ ಗುಂಡಿ ಒತ್ತಿ ಟೇಪು ನಿಲ್ಲಿಸಿದ್ದಳು. ಅಪ್ಪ ಆ ಪ್ರಶ್ನೆ ಕೇಳಿದ ಕೂಡಲೇ ನಿಲ್ಲಿಸುವುದು ಅವಳಿಗೆ ಏಳು ವರ್ಷದ ರೂಢಿ, ಮುಂದೆ ಏನೂ ಇರಲಿಲ್ಲವಲ್ಲ.